ಮ್ಯಾನೇಜರನ್ನು ಕೊಂದ ಜಾಗ

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಸಿಲ್ವೇನಸ್ ಮೇಷ್ಟ್ರ ಹೊಸ ಕಕ್ಕಸು ಭೂಮಿಯೊಳಗೆ ಇಳಿದುಹೋಯಿತು. ತಗಡಿನ ಮಾಡು, ಮಣ್ಣಿನ ಗೋಡೆ, ಬಾಗಿಲ ಮೇಲೆ ಮೇಷ್ಟ್ರು ಕೈಯಾರೆ ಬರೆದಿದ್ದ 'ದಯವಿಟ್ಟು ಕೆಮ್ಮಿ ಒಳಗೆ ಬನ್ನಿ' ಎಂಬ ಸೂಚನೆ, ಎಲ್ಲವೂ ಒಟ್ಟಿಗೆ. ಮೇಷ್ಟ್ರು ಆಗಷ್ಟೇ ಎದ್ದು ಬಂದು ಕೈಗೆ ಸೋಪು ಹಚ್ಚುತ್ತಿದ್ದರು. ಬೆನ್ನ ಹಿಂದೆ ಯಾರೋ ಭಾರಿ ಊಟ ಮಾಡಿ ತೇಗಿದ ಹಾಗೆ ಸದ್ದಾಯಿತು. ತಿರುಗಿ ನೋಡಿದರೆ ಕಕ್ಕಸು ಇದ್ದ ಕಡೆ ಪಕ್ಕದ ಮನೆಯ ಬಾಳೆಗಿಡ ಕಾಣುತ್ತಿತ್ತು.

ಊರಿಗೆ ಊರೇ ಬಂದು ಗುಂಡಿಯ ಸುತ್ತ ನಿಂತು ಇಣುಕಿತು. ಯಾರೋ ಒಂದು ಕಲ್ಲು ಎಸೆದರು. ಕಲ್ಲು ಹೋದದ್ದೇ ಹೋದದ್ದು, ಸದ್ದೇ ಬರಲಿಲ್ಲ.

"ಕೆಳಗಡೆ ಇರೋರಿಗೂ ಅರ್ಜೆಂಟ್ ಆಗಿತ್ತೇನೋ, ಮೇಷ್ಟ್ರೇ," ಎಂದಿತು ಗುಂಪಿನ ಒಂದು ದನಿ.

ಎಲ್ಲರೂ ನಕ್ಕರು. ಚುಕ್ವಾನಿ ಮಾತ್ರ ನಗಲಿಲ್ಲ. ಅವನು ಊರುಗೋಲಿನ ಮೇಲೆ ಗಲ್ಲ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ, ಗುಂಡಿಯಿಂದ ಏಳುತ್ತಿದ್ದ ಗಾಳಿಯನ್ನು ಮೂಗಿಗೆಳೆಯುತ್ತಿದ್ದ. ಒದ್ದೆ ಕಲ್ಲಿದ್ದಲು, ಸೂರಿಗೆ ಕೊಟ್ಟು ಕೊಳೆತ ಆನಿಕೆ ಮರ, ತುಕ್ಕು ಹಿಡಿದ ಕಂಬಿ. ಇಪ್ಪತ್ತು ವರ್ಷದಿಂದ ಅವನು ಆ ವಾಸನೆ ಕಂಡಿರಲಿಲ್ಲ.

"ಇದು ನಮ್ಮ ಎರಡನೇ ನಂಬರು ಸುರಂಗ," ಎಂದ ಮೆಲ್ಲಗೆ, ದೂರದ ನೆಂಟರ ಗುರುತು ಹಿಡಿದವನ ಹಾಗೆ.

ಅಮಾಗು ಊರು ಗುಡ್ಡದ ನೆತ್ತಿಯ ಮೇಲಿದೆ. ಕೆಳಗೆ ಕಣಿವೆ, ಕಣಿವೆಯಾಚೆ ಎನುಗು ಪಟ್ಟಣ. ಹಿಂದೆ ಒಬ್ಬ ಬಿಳಿಯ ಬೆಳ್ಳಿ ಹುಡುಕಿಕೊಂಡು ಬಂದು, ಬೆಳ್ಳಿ ಸಿಗದೆ, ಕಾಲಿಗೆ ತಾಗಿದ ಕರಿ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೋದನಂತೆ. ಆಮೇಲೆ ರೈಲು ಬಂತು. ಕಣಿವೆಯ ಗೋಡೆಗೆ ಬಾಯಿ ಕೊರೆದು, ಗುಡ್ಡದ ಹೊಟ್ಟೆಯೊಳಗೆ ಸುರಂಗ ಹೊಡೆದರು. ಮೊದಮೊದಲು ಕೂಲಿಗೆ ಜನ ಹೋಗುತ್ತಿರಲಿಲ್ಲ. ಸರ್ಕಾರ ನೇಮಿಸಿದ ನಾಯಕ ಮನೆಗೊಬ್ಬನಂತೆ ಹಿಡಿದು ಕಳಿಸುತ್ತಿದ್ದ. ಚುಕ್ವಾನಿಯ ಅಪ್ಪ ಹೆಗ್ಗೆಣಸಿನ ಕಣಜದಲ್ಲಿ ಎರಡು ವಾರ ಅಡಗಿ ಕೂತಿದ್ದ. ಸತ್ತವರ ಲೋಕದ ಬಾಗಿಲು ಬಡಿಯಲು ತನಗೇನು ಅವಸರ ಎಂಬುದು ಅವನ ವಾದ. ಆದರೆ ಹದಿನೈದು ವರ್ಷ ಕಳೆಯುವುದರೊಳಗೆ ಕಾಲ ತಿರುಗಿತ್ತು. ಗಣಿಗೆ ಹೋಗುವವನೆಂದರೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಿದ್ದರು. ಮೂವತ್ತೊಂದನೇ ಇಸವಿಯಲ್ಲಿ ಚುಕ್ವಾನಿ ತಾನಾಗಿಯೇ ಕೆಳಗಿಳಿದ. ಇಪ್ಪತ್ತೇಳು ವರ್ಷ ಪಿಕಾಸಿ ಹಿಡಿದು ಕಲ್ಲಿದ್ದಲು ಕಡಿದ.

ಕಾಲ ಕೆಳಗೆ ಗುಡ್ಡ ಟೊಳ್ಳಾಗಿದೆ ಎಂಬುದು ಅಮಾಗುವಿನ ಎಲ್ಲರಿಗೂ ಗೊತ್ತಿತ್ತು, ಒಂದಲ್ಲ ಒಂದು ದಿನ ಸಾಯುತ್ತೇವೆ ಎಂಬುದು ಗೊತ್ತಿರುವ ಹಾಗೆ. ದಿನಾ ಯಾರೂ ಅದನ್ನು ನೆನೆಯುತ್ತಿರಲಿಲ್ಲ. ಈಗ ನೆನೆಯಲೇಬೇಕಾಯಿತು. ಏಕೆಂದರೆ ಕಕ್ಕಸು ಇಳಿದ ಜಾಗದಿಂದ ನಲವತ್ತು ಹೆಜ್ಜೆಯಲ್ಲಿ ಊರಿನವರು ಹೆರಿಗೆ ಆಸ್ಪತ್ರೆ ಕಟ್ಟಬೇಕೆಂದು ಇಟ್ಟಿಗೆ ಪೇರಿಸಿಟ್ಟಿದ್ದರು.

ಆ ಆಸ್ಪತ್ರೆಗಾಗಿ ಊರಿನ ಹೆಂಗಸರು ಮೂರು ವರ್ಷ ಗಂಡಸರ ತಲೆ ತಿಂದಿದ್ದರು. ಅವರ ಮುಂದಾಳು ಚುಕ್ವಾನಿಯ ಹೆಂಡತಿ ಉಗೊಯೆ. ಹಿಂದಿನ ವರ್ಷ ಅವಳ ಸೊಸೆಗೆ ನೋವು ಬಂದಾಗ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿ ಪಟ್ಟಣಕ್ಕೆ ಇಳಿಸಲು ಹೊರಟಿದ್ದರು. ಅರ್ಧ ಗುಡ್ಡದಲ್ಲೇ ಮಗು ಹುಟ್ಟಿತು. ಜೊತೆಗಿದ್ದ ನಾಲ್ವರು ಗಂಡಸರು ಬೆನ್ನು ತಿರುಗಿಸಿ ನಿಂತು, ಏನು ಮಾಡಬೇಕೆಂದು ತೋಚದೆ, ಕ್ರಿಸ್ಮಸ್ ಹಾಡು ಹಾಡಿದರು. ಆಗ ಜೂನ್ ತಿಂಗಳು.

ಸಿಲ್ವೇನಸ್ ಮೇಷ್ಟ್ರು ಊರ ಸಂಘದ ಕಾರ್ಯದರ್ಶಿ. ಅವರು ನಕ್ಷೆ ಕೇಳಲು ಪಟ್ಟಣಕ್ಕೆ ಹೋಗಿ ಬಂದರು. ಹಳೇ ಸುರಂಗಗಳ ನಕ್ಷೆ ಅಂತರ್ಯುದ್ಧದ ಗಲಾಟೆಯಲ್ಲಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದಂತೆ. ರಾಜಧಾನಿ ಲಾಗೋಸಿಗೆ ಬರೆದು ಹಾಕಿದ್ದಾರಂತೆ. ಅಲ್ಲಿಯವರೆಗೆ, ಅಲ್ಲಿ ದುಡಿದವರು ಯಾರಾದರೂ ಉಳಿದಿದ್ದರೆ ಅವರನ್ನೇ ಕೇಳಿ ಎಂದರಂತೆ.

ಎರಡನೇ ನಂಬರಿನಲ್ಲಿ ದುಡಿದವರಲ್ಲಿ ಊರಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಚುಕ್ವಾನಿ. ಇನ್ನೊಬ್ಬ ಅಗ್ಬೊ, ಚುಕ್ವಾನಿ ಕಡಿದದ್ದನ್ನು ಗಾಡಿಗೆ ತುಂಬಿ ಕಂಬಿಯ ಮೇಲೆ ತಳ್ಳಿಕೊಂಡು ಹೋಗುತ್ತಿದ್ದವನು. ಈ ಇಬ್ಬರೂ ಮೂವತ್ತೊಂದು ವರ್ಷದಿಂದ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ.

ಸಭೆ ಕರೆದರು. ಚುಕ್ವಾನಿ ಎದ್ದು, ಗಂಟಲು ಸರಿಮಾಡಿಕೊಂಡು, "ದಾರಿ ನಾನು ತೋರಿಸ್ತೀನಿ. ಇಪ್ಪತ್ತೇಳು ವರ್ಷ ಈ ಕೈಯಲ್ಲೇ ಕಡಿದಿದ್ದೀನಿ," ಎಂದ.

ಎದುರು ಬೆಂಚಿನಲ್ಲಿ ಗೌರವದ ಜಾಗದಲ್ಲಿ ಕೂತಿದ್ದ ಅಗ್ಬೊ ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ಆ ಮನುಷ್ಯನಿಗೆ ಹೇಳಿ. ಕಡಿಯೋನು ಇಪ್ಪತ್ತೇಳು ವರ್ಷ ನೋಡಿದ್ದು ಮೂಗಿನ ಮುಂದಿನ ಗೋಡೇನ. ಇಡೀ ದಾರಿ ನೋಡಿದೋನು ತಳ್ಳೋನು."

"ತಳ್ಳೋನು ನೋಡಿದ್ದು ಗಾಡಿಯ ಅಂಡನ್ನ, ಅಂತ ಆ ಮನುಷ್ಯನಿಗೆ ಹೇಳಿ ಮೇಷ್ಟ್ರೇ!"

ಮೇಷ್ಟ್ರು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಇಬ್ಬರೂ ಬರಬೇಕೆಂದು ಬರೆದುಕೊಂಡರು. ಯುವಕರ ಸಂಘದ ಮುಖಂಡ ಲಿವಿನಸ್ ಅಗ್ಬೊನ ಲೋಟಕ್ಕೆ ಇನ್ನಷ್ಟು ಹೆಂಡ ಸುರಿದ. ಊರಿನ ಹುಡುಗರು ಎಲ್ಲ ಸಭೆಯಲ್ಲೂ ಅಗ್ಬೊನ ಲೋಟ ಬರಿದಾಗಲು ಬಿಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಅದನ್ನು ನೋಡಿದಾಗಲೆಲ್ಲ ಚುಕ್ವಾನಿ ಊರುಗೋಲನ್ನು ನೆಲಕ್ಕೆ ಕುಟ್ಟುತ್ತಿದ್ದ. ಆದರೆ ಬಾಯಿ ಬಿಡುವಂತಿರಲಿಲ್ಲ.

ಕಾರಣ ಏನೆಂದರೆ, ಅಗ್ಬೊ ಗಣಿಯ ಮ್ಯಾನೇಜರನ್ನು ಕೊಂದಿದ್ದಾನೆಂದು ಇಡೀ ಊರು ನಂಬಿತ್ತು.

ಆ ಮ್ಯಾನೇಜರ್ ಒಂದು ಇಲಿ.

ಸುರಂಗದಲ್ಲಿ ಇಲಿಗಳಿಗೆ ಯಾರೂ ತೊಂದರೆ ಕೊಡುತ್ತಿರಲಿಲ್ಲ. ಸೂರು ಕುಸಿಯುವ ಮುನ್ನ ಅವಕ್ಕೆ ತಿಳಿಯುತ್ತದೆ. ಇಲಿ ಓಡಿದರೆ ನೀನೂ ಓಡು ಎಂದು ಹಿರಿಯರು ಹೇಳುತ್ತಿದ್ದರು. ಚುಕ್ವಾನಿ ಕಡಿಯುವ ಜಾಗಕ್ಕೆ ದಿನಾ ಒಂದು ಬಾಲ ಮೋಟು ಇಲಿ ಬರುತ್ತಿತ್ತು. ಬಂದು, ಒಕ್ಪಾ ಕಡುಬಿನ ಚೂರನ್ನೋ ಕಡಲೆಕಾಯಿಯನ್ನೋ ಅವನ ಅಂಗೈಯಿಂದಲೇ ತಿಂದು, ಆಗಿರುವ ಕೆಲಸವನ್ನು ಒಮ್ಮೆ ಸುತ್ತಲೂ ನೋಡಿ, ಏನೂ ಸಾಲದೆಂಬಂತೆ ಮೀಸೆ ಕುಣಿಸಿ ಹೊರಟುಹೋಗುತ್ತಿತ್ತು. ಅದಕ್ಕೇ ಮ್ಯಾನೇಜರ್ ಎಂದು ಹೆಸರಿಟ್ಟಿದ್ದ. ನಲವತ್ತಾರನೇ ಇಸವಿಯಲ್ಲಿ ಒಂದು ದಿನ ಅಗ್ಬೊನ ಗಾಡಿ ಇಳಿಜಾರಿನಲ್ಲಿ ಕೈತಪ್ಪಿ ಬಂದು ಮ್ಯಾನೇಜರ ಮೇಲೆ ಹರಿಯಿತು. ಚುಕ್ವಾನಿ ಅಂದು ಪಾಳಿ ಮುಗಿಯುವವರೆಗೂ ಅತ್ತ. ಕತ್ತಲಾದ್ದರಿಂದ ಯಾರಿಗೂ ಕಾಣಲಿಲ್ಲ.

ಅದಾಗಿ ಮೂರು ವಾರಕ್ಕೆ ಎಕೆ ಸಂತೆಯಲ್ಲಿ ಅಗ್ಬೊ ಕುಂಟುತ್ತ ಎದುರಾದ. ಚುಕ್ವಾನಿಗೆ ತಡೆಯಲಾಗಲಿಲ್ಲ. ಒಣಮೀನಿನ ಅಂಗಡಿಯ ಮುಂದೆ ನಿಂತು, "ಮ್ಯಾನೇಜರನ್ನ ಕೊಂದ ಕೈಯಲ್ಲಿ ಮೀನು ಮುಟ್ತೀಯಾ, ಕೊಲೆಗಡುಕ!" ಎಂದು ಕೂಗಿದ. ಸಂತೆ ಗಪ್ಪೆಂದಿತು. ಅದೇ ತಿಂಗಳು ಗಣಿಯ ಒಬ್ಬ ಬಿಳಿಯ ಯಾರಿಗೂ ಹೇಳದೆ ಹಡಗು ಹತ್ತಿ ತನ್ನ ಊರಿಗೆ ಹೋಗಿದ್ದ. ಜನ ಎರಡಕ್ಕೆರಡು ಕೂಡಿಸಿದರು, ಏಳಾಯಿತು. ಅಗ್ಬೊನ ಕುಂಟು ಕಾಲು ಹೋರಾಟದಲ್ಲಿ ಆದ ಗಾಯ ಎಂದರು. ಹೆಣ ಸುರಂಗದಲ್ಲೇ ಹೂತಿದೆ ಎಂದರು. ಪೊಲೀಸರ ಕಿವಿಗೆ ಬೀಳಬಾರದೆಂದು ಊರೆಲ್ಲ ಪಿಸುಮಾತಿನಲ್ಲೇ ಅವನನ್ನು ಹೊಗಳಿತು. ನಲವತ್ತೊಂಬತ್ತರಲ್ಲಿ ಕಣಿವೆಯಲ್ಲಿ ಗಣಿಯವರ ಮೇಲೆ ಪೊಲೀಸರ ಗುಂಡು ಹಾರಿ, ಬೆಳಿಗ್ಗೆ ಕೆಲಸಕ್ಕೆ ಹೋದವರಲ್ಲಿ ಕೆಲವರು ಮನೆಗೆ ಬಾರದೆ ಹೋದ ಮೇಲಂತೂ, ನಮ್ಮಲ್ಲೂ ಒಬ್ಬ ಸೇಡು ತೀರಿಸಿಕೊಂಡವನಿದ್ದಾನೆ ಎಂಬುದು ಜನರಿಗೆ ಒಂದು ಸಮಾಧಾನವಾಯಿತು. ಆ ಸಮಾಧಾನವನ್ನು ಕೀಳಲು ಚುಕ್ವಾನಿಗೆ ಮನಸ್ಸು ಬರಲಿಲ್ಲ. ಜೊತೆಗೆ, ನಿಜ ಹೇಳಿದರೆ ತಾನು ಇಲಿಗಾಗಿ ಅತ್ತದ್ದೂ ಹೇಳಬೇಕಾಗುತ್ತಿತ್ತು.

ಸುರಂಗದ ದಾರಿ ಹುಡುಕುವ ಕೆಲಸ ಶನಿವಾರ ಬೆಳಿಗ್ಗೆ ಶುರುವಾಯಿತು. ಊರಾಚೆ ಹಳೆಯ ಗಾಳಿಬಾವಿ ಇದೆ. ಸುರಂಗಕ್ಕೆ ಗಾಳಿ ಇಳಿಸಲು ಬಿಳಿಯರು ತೋಡಿಸಿದ್ದು. ಅದರ ಬುಡದಿಂದ ಎರಡನೇ ನಂಬರಿನ ದೊಡ್ಡ ದಾರಿ ಹೊರಡುತ್ತಿತ್ತು ಎಂಬುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಚುಕ್ವಾನಿ ಬಾವಿಗೆ ಬೆನ್ನು ಕೊಟ್ಟು ನಿಂತು ಊರನ್ನು ನೋಡಿದ. ನೋಡಿದ. ಇನ್ನೂ ನೋಡಿದ. ಮನೆಗಳು, ತಾಳೆಮರಗಳು, ಒಣಗಿಹಾಕಿದ ಬಟ್ಟೆ. ಕೆಳಗೆ ಇವೊಂದೂ ಇರಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು.

"ಏನಾಯ್ತು, ಎನೆಯ ಅಪ್ಪಾ?" ಎಂದಳು ಉಗೊಯೆ. ಎನೆ ಅವರ ಹಿರಿಮಗ.

"ಬೆಳಕು ಜಾಸ್ತಿ," ಎಂದ ಚುಕ್ವಾನಿ.

"ಹಂಗಾದ್ರೆ ಕಣ್ಣು ಮುಚ್ಕೊಂಡು ನಡಿ. ಕಣ್ಣು ಬಿಟ್ಕೊಂಡು ನೀನು ಏನು ಹುಡುಕಿದ್ದೀಯ? ನಶ್ಯದ ಡಬ್ಬಿ ಮಡಿಲಲ್ಲಿಟ್ಕೊಂಡು ಮನೆಯೆಲ್ಲ ತಡಕ್ತೀಯ."

ಜನ ನಕ್ಕರು. ಆದರೆ ಚುಕ್ವಾನಿ ಕಣ್ಣು ಮುಚ್ಚಿದ. ಆಮೇಲೆ ಸೊಂಟ ಬಗ್ಗಿಸಿದ, ಕೆಳಗೆ ಸೂರು ಎದೆಯೆತ್ತರಕ್ಕಿತ್ತಲ್ಲ. ಬಲಗೈ ಪಕ್ಕಕ್ಕೆ ಚಾಚಿ, ಇಲ್ಲದ ಗೋಡೆಯನ್ನು ಸವರಿದ. ಮರುಕ್ಷಣ ಅವನ ಕಾಲು ತಾನಾಗಿಯೇ ಹೊರಟಿತು. ಅರವತ್ತಾರು ವರ್ಷದ ಮುದುಕ ಬಾತುಕೋಳಿಯ ಹಾಗೆ ಬಾಗಿಕೊಂಡು ಅಷ್ಟು ಜೋರಾಗಿ ನಡೆಯಬಲ್ಲನೆಂದು ಯಾರೂ ಎಣಿಸಿರಲಿಲ್ಲ.

"ಮೇಷ್ಟ್ರೇ, ನಿಲ್ಲಿಸೋಕೆ ಹೇಳಿ ಆ ಮನುಷ್ಯನಿಗೆ!" ಅಗ್ಬೊ ಕೂಗಿದ. "ಹೆಜ್ಜೆ ಎಣಿಸೋರು ಯಾರು? ನನಗೊಂದು ಗಾಡಿ ಬೇಕು. ತಳ್ಳದೆ ನನಗೆ ಎಣಿಕೆ ಬರಲ್ಲ."

ಯಾರೋ ಇಟ್ಟಿಗೆ ಹೊರುವ ಒಂಟಿಚಕ್ರದ ಗಾಡಿ ತಂದುಕೊಟ್ಟರು. ಅಗ್ಬೊ ನಾಲ್ಕು ಹೆಜ್ಜೆ ತಳ್ಳಿ ನೋಡಿದ. "ಹಗುರ ಆಯ್ತು. ಹೆಜ್ಜೆ ಉದ್ದ ಬೀಳುತ್ತೆ." ಎರಡು ಬುಟ್ಟಿ ಹೆಗ್ಗೆಣಸು ಹಾಕಿದರು. "ಊಹೂಂ." ಕೊನೆಗೆ ಸಿಲ್ವೇನಸ್ ಮೇಷ್ಟ್ರೇ ಪುಸ್ತಕ ಪೆನ್ನು ಹಿಡಿದು ಗೆಣಸಿನ ಮೇಲೆ ಕೂತರು. ಮೇಷ್ಟ್ರು ದೇವರು ಧಾರಾಳವಾಗಿ ಕೈಬಿಚ್ಚಿ ಮಾಡಿದ ಆಳು. ಅಗ್ಬೊ ಹಿಡಿಕೆ ಎತ್ತಿದ, ಕುತ್ತಿಗೆಯ ನರ ಉಬ್ಬಿತು, ತೃಪ್ತಿಯಿಂದ ತಲೆಯಾಡಿಸಿದ. "ಇದು ಸರಿಯಾದ ಲೋಡು."

ಚುಕ್ವಾನಿಯನ್ನು ಮತ್ತೆ ಬಾವಿಯ ಬಳಿಗೆ ಕರೆತಂದು, ಹೀಗೆ ಹೊರಟರು. ಮುಂದೆ ಕಣ್ಣುಮುಚ್ಚಿ ಬಾಗಿದ ಚುಕ್ವಾನಿ, ಅವನ ಹಿಂದೆ ಮೇಷ್ಟ್ರನ್ನು ತಳ್ಳುತ್ತ ಜೋರಾಗಿ ಎಣಿಸುವ ಅಗ್ಬೊ, ಅವರ ಹಿಂದೆ ಇಡೀ ಅಮಾಗು. ಸುರಂಗ ತೋಡಿದವರಿಗೆ ಮೇಲಿನ ಊರಿನ ಕಾಳಜಿ ಇರಲಿಲ್ಲವಾದ್ದರಿಂದ ದಾರಿ ಯಾರದೋ ಮರಗೆಣಸಿನ ಮಡಿ ತುಳಿದು, ಒಬ್ಬಳ ಅಡುಗೆಮನೆ ಹೊಕ್ಕು, ಕುದಿಯುವ ಸೊಪ್ಪಿನ ಸಾರಿನ ಪಕ್ಕದಲ್ಲೇ ಹಾದು ಆಚೆ ಬಂತು. ಚುಕ್ವಾನಿ ನಡುವೆ ನಿಂತು ಹೇಳುತ್ತಿದ್ದ. ಇಲ್ಲಿ ನೀರು ಸೋರುತ್ತಿತ್ತು. ಇಲ್ಲಿ ಮೂವತ್ತೇಳರಲ್ಲಿ ಸೂರು ಬಿದ್ದು ಹನ್ನೊಂದು ಜನ ಒಂದು ಹಗಲು ಒಂದು ರಾತ್ರಿ ಸಿಕ್ಕಿಬಿದ್ದಿದ್ದೆವು. ಹೊರಗೆ ಬಂದಾಗ ಹನ್ನೊಂದೂ ಮನೆಯಲ್ಲಿ ಅಳು ಮುಗಿದು ಊಟಕ್ಕೆ ಕೂತಿದ್ದರು. ಮೇಷ್ಟ್ರು ಗೆಣಸಿನ ಮೇಲೆ ಓಲಾಡುತ್ತ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಲಾರಿ ಮಾಲೀಕ ಫೆಸ್ಟಸನ ಮನೆ ಎದುರಾಯಿತು. ಸಿಮೆಂಟಿನ ಮನೆ. ಫೆಸ್ಟಸನ ಹೆಂಡತಿ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತಳು.

"ಸುತ್ತಿಕೊಂಡು ಹೋಗಿ!"

"ಸುತ್ತಿದ್ರೆ ಎಣಿಕೆ ತಪ್ಪುತ್ತೆ, ಅಮ್ಮಾ," ಎಂದ ಅಗ್ಬೊ ಏದುಸಿರಿನಲ್ಲಿ. "ನಾನೂರ ಹನ್ನೆರಡಕ್ಕೆ ಬಂದಿದ್ದೀನಿ."

"ಕಾಲು ಒರೆಸ್ಕೊಂಡಾದ್ರೂ ಬನ್ನಿ!"

ಚುಕ್ವಾನಿ ಕಣ್ಣು ಬಿಡದೆಯೇ ಕಾಲು ಒರೆಸಿಕೊಂಡು ಒಳಗೆ ಹೋದ. ಗಾಡಿ ಪಡಸಾಲೆಯ ರತ್ನಗಂಬಳಿಯ ಮೇಲೆ ಉರುಳಿತು. ಮಧ್ಯದಲ್ಲಿ ಪ್ಲಾಸ್ಟಿಕ್ ಕಾಗದ ಇನ್ನೂ ಬಿಚ್ಚದ ಸೋಫಾ ಅಡ್ಡ ಇತ್ತು. "ನಿನ್ನ ಸೋಫಾ ಕಂಬಿ ಮೇಲಿದೆ, ಸ್ವಲ್ಪ ಸರಿಸು," ಎಂದ ಅಗ್ಬೊ. ಅವಳು ಪಾಪ, ಸರಿಸಿದಳು. ಮೇಷ್ಟ್ರು ಗಾಡಿಯಲ್ಲಿ ಕೂತೇ ಟೋಪಿ ತೆಗೆದು ಅವಳಿಗೆ ನಮಸ್ಕಾರ ಹೇಳಿ ಹಿಂಬಾಗಿಲಿನಿಂದ ಹೊರಬಿದ್ದರು.

ಮನೆಯ ಹಿಂದೆ ಬಯಲು. ಅಲ್ಲಿ ಚುಕ್ವಾನಿ ತಟ್ಟನೆ ನಿಂತ. ಎಡಗೈ ಚಾಚಿದ, ಹಿಂದಕ್ಕೆ ತೆಗೆದ, ಮತ್ತೆ ಚಾಚಿದ.

"ನಾಲ್ಕು ದಾರಿ ಕೂಡೋ ಜಾಗ," ಎಂದ. "ಇಲ್ಲಿಂದ ಆಚೆ ಸೂರು ಹೊರೋಕೆ ಅಂತ ಕಡಿಯದೆ ಬಿಟ್ಟಿದ್ದಾರೆ ದೊಡ್ಡ ಕಂಬ. ಐವತ್ತು ಹೆಜ್ಜೆ ಉದ್ದ, ಮೂವತ್ತು ಅಗಲ, ಗಟ್ಟಿ ಕಲ್ಲಿದ್ದಲು. ಅದಕ್ಕೆ ಪಿಕಾಸಿ ತಾಗಿಸೋಕೆ ಯಾರಿಗೂ ಅಪ್ಪಣೆ ಇರಲಿಲ್ಲ. ಉಳಿದಿದ್ದೆಲ್ಲ ನಾವೇ ಕಡಿದು ಟೊಳ್ಳು ಮಾಡಿದ್ವಿ. ಇದರ ಮೇಲೆ ಆಸ್ಪತ್ರೆ ಅಲ್ಲ, ಗುಡ್ಡದ ಮೇಲೆ ಗುಡ್ಡ ಇಡಿ, ಅಲ್ಲಾಡಲ್ಲ."

ಜನ ಹೋ ಎಂದರು. ಅಗ್ಬೊ ಅಡ್ಡಡ್ಡ ತಲೆಯಾಡಿಸಿದ. "ಮೇಷ್ಟ್ರೇ, ತಪ್ಪು. ನನ್ನ ಲೆಕ್ಕಕ್ಕೆ ಕೂಡುದಾರಿ ಇನ್ನೂ ಇಪ್ಪತ್ತು ಹೆಜ್ಜೆ ಮುಂದೆ."

"ಇಲ್ಲೇ, ಅಂತ ಹೇಳಿ."

"ಏನು ಗುರುತು, ಅಂತ ಕೇಳಿ."

ಚುಕ್ವಾನಿಗೆ ರೇಗಿತು. ಮೂವತ್ತೊಂದು ವರ್ಷದ ನಂತರ ಮೊದಲ ಸಲ ನೇರವಾಗಿ ಅವನ ಕಡೆಗೇ ತಿರುಗಿದ. "ನೆಲ ಕಾಲ ಕೆಳಗೆ ಇಳಿಜಾರು ಬಿದ್ದದ್ದು ನಿನಗೆ ಗೊತ್ತಾಗ್ಲಿಲ್ವೇನೋ? ಮ್ಯಾನೇಜರನ್ನ ಕೊಂದ ಜಾಗ ಮರೆತು ಹೋಯ್ತಾ ನಿನಗೆ?"

ಅಗ್ಬೊ ಗಾಡಿಯ ಹಿಡಿಕೆ ಕೆಳಗಿಟ್ಟ. ಮೇಷ್ಟ್ರು ಗೆಣಸಿನೊಂದಿಗೆ ಮುಂದಕ್ಕೆ ಜಾರಿದರು. ಅಗ್ಬೊ ನೆಲವನ್ನು ನೋಡಿದ. "ಹೌದು," ಎಂದ ಸಣ್ಣ ದನಿಯಲ್ಲಿ. "ಇಲ್ಲೇ."

ಲಿವಿನಸ್ ಟೋಪಿ ತೆಗೆದ. ಅವನ ಹಿಂದೆ ಯುವಕರ ಸಂಘದವರೆಲ್ಲ ತೆಗೆದರು. "ಇಲ್ಲೊಂದು ಕಲ್ಲು ನೆಡಬೇಕು," ಎಂದ ಲಿವಿನಸ್. "ಮೇಷ್ಟ್ರೇ, ಬರ್ಕೊಳ್ಳಿ. ಅಮಾಗುವಿನ ವೀರ ಈ ಜಾಗದಲ್ಲಿ..."

"ಬರೆಯೋದು ಆಮೇಲೆ," ಎಂದಳು ಉಗೊಯೆ. ಹೆಂಗಸರ ಗುಂಪು ಅವಳ ಹಿಂದೆ ಒಟ್ಟಾಗಿತ್ತು. "ಇಲ್ಲಿ ಆಸ್ಪತ್ರೆ ಬೇಡ."

"ಯಾಕೆ? ಇದೊಂದೇ ಗಟ್ಟಿ ಜಾಗ!" ಎಂದ ಚುಕ್ವಾನಿ. ಅವನ ಕಣ್ಣು ಈಗ ತೆರೆದಿತ್ತು.

"ಕೊಲೆಯಾದ ಬಿಳಿಯನ ಎದೆ ಮೇಲೆ ಕೂತು ಮಗು ಹೆರೋದಾ? ಅವನ ಆತ್ಮಕ್ಕೆ ಮನೆಗೆ ಹೋಗೋ ದಾರಿ ಕೂಡ ಗೊತ್ತಿಲ್ಲ, ಸಮುದ್ರದಾಚೆಯೋನು. ಮೊದಲು ಸಿಕ್ಕ ಹೊಟ್ಟೆ ಹೊಕ್ಕೊಳ್ತಾನೆ. ನಮ್ಮ ಸೊಸೆ ಹೆತ್ತ ಮಗು ಇಂಗ್ಲಿಷಲ್ಲಿ ಅತ್ರೆ ನೀನು ಸಮಾಧಾನ ಮಾಡ್ತೀಯಾ?"

ಹೆಂಗಸರೆಲ್ಲ ಹೌದು ಹೌದು ಎಂದರು. ಒಬ್ಬಳು ಆಗಲೇ ಮನೆಯ ದಾರಿ ಹಿಡಿದಳು.

ಚುಕ್ವಾನಿ ಅಗ್ಬೊನ ಮುಖ ನೋಡಿದ. ಅಗ್ಬೊ ಗಾಡಿಯ ಚಕ್ರ ನೋಡುತ್ತಿದ್ದ. ನೀನು ಹೇಳು ಎಂದು ಒಬ್ಬ, ನೀನೇ ಹೇಳು ಎಂದು ಇನ್ನೊಬ್ಬ. ಹೇಳಿದರೆ ಅಗ್ಬೊನ ಬೆಂಚು ಹೋಗುತ್ತದೆ, ಹೆಂಡ ಹೋಗುತ್ತದೆ. ಹೇಳಿದರೆ ತಾನು ನಗೆಪಾಟಲಾಗುತ್ತೇನೆ. ಸುಮ್ಮನಿದ್ದುಬಿಡೋಣ ಎಂದುಕೊಂಡ ಚುಕ್ವಾನಿ. ಆದರೆ ಗುಂಪಿನಲ್ಲಿ ಸೊಸೆ ನಿಂತಿದ್ದಳು, ಒಂದು ಕಂಕುಳಲ್ಲಿ, ಇನ್ನೊಂದು ಹೊಟ್ಟೆಯಲ್ಲಿ. ಅರ್ಧ ಗುಡ್ಡದಲ್ಲಿ ಜೂನ್ ತಿಂಗಳ ಕ್ರಿಸ್ಮಸ್ ಹಾಡು ಹಾಡಿದ ನಾಲ್ವರಲ್ಲಿ ತಾನೂ ಒಬ್ಬ ಎಂಬುದು ಅವನಿಗೆ ನೆನಪಾಯಿತು.

"ಅದು ಇಲಿ," ಎಂದ.

"ಏನು?"

"ಇಲಿ! ಮ್ಯಾನೇಜರ್ ಅಂದ್ರೆ ಇಲಿ! ನಾನು ಸಾಕಿದ್ದೆ! ನಾನೇ ಹೆಸರಿಟ್ಟಿದ್ದೆ!"

ಆಮೇಲೆ ಲಿವಿನಸ್ ಹತ್ತಿರ ಬಂದು ಮುದುಕನ ಭುಜದ ಮೇಲೆ ಕೈಯಿಟ್ಟ. "ತಾತಾ, ಹೆದರ್ಕೋಬೇಡಿ. ಬ್ರಿಟಿಷರು ಹೋಗಿ ಹದಿನೇಳು ವರ್ಷ ಆಯ್ತು. ಈಗ ಯಾರೂ ಹಿಡ್ಕೊಂಡು ಹೋಗಲ್ಲ. ಸ್ನೇಹಿತನನ್ನ ಕಾಪಾಡೋಕೆ ನೀವು ಸುಳ್ಳು ಹೇಳಬೇಕಾಗಿಲ್ಲ."

"ಸ್ನೇಹಿತನಂತೆ! ಆ ಇಲಿಗೋಸ್ಕರ ನಾನು ಇಡೀ ಪಾಳಿ ಅತ್ತಿದ್ದೀನಿ ಕಣೋ!"

ಇದನ್ನು ಕೇಳಿ ಎಲ್ಲರಿಗೂ ಇನ್ನಷ್ಟು ಖಾತ್ರಿಯಾಯಿತು. ಆರು ಅಡಿಯ ಚುಕ್ವಾನಿ ಇಲಿಗಾಗಿ ಅತ್ತನಂತೆ; ಸುಳ್ಳಿಗೂ ಒಂದು ಮಿತಿ ಬೇಡವೇ? ಉಗೊಯೆ ಕೂಡ ಗಂಡನನ್ನು ಕರುಣೆಯಿಂದ ನೋಡಿದಳು. ಅವನಿಗೆ ಬಿಸಿಲು ತಾಗಿದೆ ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು.

ಆಗ ಅಗ್ಬೊ ಗಾಡಿಯ ಅಂಚಿನ ಮೇಲೆ, ಮೇಷ್ಟ್ರ ಪಕ್ಕ, ಕೂತು ಎಡಗಾಲಿನ ಚಪ್ಪಲಿ ಬಿಚ್ಚಿದ. ಎರಡು ಬೆರಳಿರಲಿಲ್ಲ.

"ಅವನು ಹೇಳಿದ್ದು ನಿಜ," ಎಂದ. "ಬಾಲ ಮೋಟು ಇಲಿ. ಒಕ್ಪಾ ಕೊಟ್ರೆ ಮೊದಲು ಮೂಸಿ ನೋಡೋದು. ಇಳಿಜಾರಲ್ಲಿ ಚಕ್ರಕ್ಕೆ ಕೊಟ್ಟ ಮರದ ಬೆಣೆ ಜಾರಿ ಗಾಡಿ ಓಡ್ತು. ಈ ದಡ್ಡ ಕೆಳಗೆ ಕಂಬಿ ಮೇಲೇ ಕೂತಿದ್ದ, ನನಗೆ ಬೆನ್ನು ಹಾಕ್ಕೊಂಡು, ಇಲಿಗೆ ಕಡಲೆಕಾಯಿ ತಿನ್ನಿಸ್ತಾ. ಕೂಗಿದೆ, ಕೇಳಿಸ್ಲಿಲ್ಲ. ಓಡಿಹೋಗಿ ಚಕ್ರಕ್ಕೆ ಕಾಲು ಕೊಟ್ಟೆ. ಗಾಡಿ ಕಂಬಿ ಬಿಟ್ಟು ಪಕ್ಕಕ್ಕೆ ಹೊರಳ್ತು. ಇವನಿಗೆ ತಾಗ್ಲಿಲ್ಲ. ಇಲಿ ಸಿಕ್ಕಿಹಾಕ್ಕೊಳ್ತು."

ಚುಕ್ವಾನಿಗೆ ನೆನಪಿದ್ದುದು ಕತ್ತಲು, ಸದ್ದು, ದೀಪ ಹೊತ್ತಿಸಿದಾಗ ಕಂಡ ಮೋಟು ಬಾಲ. ಹಿಂದೆ ಯಾರೋ ನರಳುತ್ತಿದ್ದರೇ? ನರಳುತ್ತಿದ್ದಿರಬೇಕು.

"ಕಾಲು... ನಾನು ಬೇರೆ ದಿನ ಆದದ್ದು ಅಂದ್ಕೊಂಡಿದ್ದೆ," ಎಂದ.

"ನೀನು ತಿರುಗಿ ನೋಡಿದ್ದು ಇಲೀನ. ನನ್ನನ್ನಲ್ಲ."

"ಹೇಳೋಕೆ ಏನಾಗಿತ್ತು ನಿನಗೆ, ಮೂವತ್ತೊಂದು ವರ್ಷ?"

"ಹೇಳೋಣ ಅಂತಲೇ ಎಕೆ ಸಂತೆಗೆ ಕುಂಟ್ಕೊಂಡು ಬಂದಿದ್ದೆ. ಬಾಯಿ ತೆಗೆಯೋದರೊಳಗೆ ಕೊಲೆಗಡುಕ ಅಂದೆ. ನನಗೂ ಸಿಟ್ಟು ಬಂತು. ಅಷ್ಟರಲ್ಲಿ ಜನ ಕರೆದು ಕರೆದು ಹೆಂಡ ಕೊಡೋಕೆ ಶುರು ಮಾಡಿದ್ರು." ಅಗ್ಬೊ ಚಪ್ಪಲಿ ಮೆಟ್ಟಿಕೊಂಡ. "ಹೆಂಡ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳ್ಲಿ."

ಮೊದಲು ನಕ್ಕದ್ದು ಫೆಸ್ಟಸನ ಹೆಂಡತಿ. ಆಮೇಲೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಉಗೊಯೆ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರೋ ಬೇರೆಯದೋ ಚುಕ್ವಾನಿಗೆ ತಿಳಿಯಲಿಲ್ಲ. ಅವಳು ನೇರವಾಗಿ ಅಗ್ಬೊನ ಮುಂದೆ ಹೋಗಿ ನಿಂತಳು. "ಭಾವಾ, ಕೊಲೆಗಡುಕ ಅಂತ ಹೆದರಿ ಇಷ್ಟು ವರ್ಷ ನಿಮ್ಮ ನೆರಳು ತುಳೀದೆ ಓಡಾಡಿದ್ದೀನಲ್ಲ ನಾನು! ನಾಳೆ ನಮ್ಮನೇಲಿ ಊಟ. ಆಡು ಕಡೀತೀವಿ."

ಲಿವಿನಸ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ, ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ. "ಹಾಗಾದ್ರೆ ಕಲ್ಲು ನೆಡೋದು ಬೇಡ್ವಾ?" ಎಂದು ಕೇಳಿದ.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಇಲಿ ಸತ್ತ ಜಾಗವಾದರೂ ಹೆರಿಗೆಗೆ ಆಗಿಬರುತ್ತದೆಯೇ? ಊರಿನ ಅತಿ ಹಿರಿಯ ಸೂಲಗಿತ್ತಿಯನ್ನು ಕೈಹಿಡಿದು ಮುಂದೆ ಕರೆತಂದರು. ಅವಳು ನೆಲವನ್ನು ಕಾಲಿನಿಂದ ತಟ್ಟಿ, ಒಂದು ಚಿಟಿಕೆ ನಶ್ಯ ಏರಿಸಿ, ಯೋಚಿಸಿ ಹೇಳಿದಳು: "ಇಲಿಗಿಂತ ಒಳ್ಳೇ ಶಕುನ ಯಾವುದಿದೆ? ಒಂದೇ ಸಲಕ್ಕೆ ಹನ್ನೆರಡು ಹಾಕುತ್ತೆ, ಒಂದು ನರಳಾಟ ಇಲ್ಲ."

ಹಿರಿಯ ಹೆಂಗಸರು ಒಪ್ಪಿದರು. ಕಿರಿಯರು ಹನ್ನೆರಡು ಎಂಬ ಮಾತಿಗೆ ಸ್ವಲ್ಪ ಗಾಬರಿಯಾದರು.

ಮಾರನೆಯ ದಿನದ ಊಟಕ್ಕೆ ಅಗ್ಬೊ ಬಂದ. ಚುಕ್ವಾನಿ ಅತಿಥಿಗೆ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಒಡೆದು ಮೊದಲ ಹೋಳನ್ನು ಅವನ ಕೈಗಿಟ್ಟ. ಏನಾದರೂ ಹೇಳಬೇಕೆಂದು ಬೆಳಿಗ್ಗೆಯಿಂದ ಮಾತು ಜೋಡಿಸಿಟ್ಟಿದ್ದ, ಬಾಯಿಗೆ ಬಂದದ್ದು, "ಕಾಲು ಈಗಲೂ ನೋಯುತ್ತಾ?" ಎಂಬುದಷ್ಟೇ.

"ಮಳೆಗಾಲದಲ್ಲಿ."

"ನನಗೆ ಸೊಂಟ."

ಅಷ್ಟರಲ್ಲೇ ಇಬ್ಬರಿಗೂ ಮಾತು ಸಾಕಾಯಿತು. ಆಡಿನ ಮಾಂಸ ಚೆನ್ನಾಗಿ ಬೆಂದಿತ್ತು.

ಫೆಬ್ರವರಿಯಲ್ಲಿ, ಧೂಳಿನ ಗಾಳಿ ಬೀಸುವ ಕಾಲ, ಆಸ್ಪತ್ರೆಗೆ ಮಾಡು ಹಾಕುತ್ತಿದ್ದಾಗ ಪಟ್ಟಣದಿಂದ ಒಬ್ಬ ಸರ್ವೆಯವನು ಬಂದ. ಲಾಗೋಸಿನಲ್ಲಿ ನಕ್ಷೆಯ ಪ್ರತಿ ಸಿಕ್ಕಿತ್ತು. ಅವನು ಗಾಳಿಬಾವಿಯಿಂದ ಸರಪಳಿ ಎಳೆದು, ದುರ್ಬೀನು ನಿಲ್ಲಿಸಿ, ಎರಡು ದಿನ ಅಳೆದ. ಕೊನೆಗೆ ಬೆವರೊರೆಸಿಕೊಂಡು, ಕಟ್ಟಡ ಕಂಬದ ಮೇಲೆಯೇ ಇದೆ, ಭಯವಿಲ್ಲ ಎಂದ. "ಆದ್ರೆ ನಿಮ್ಮ ಕೂಡುದಾರಿ ನಕ್ಷೆಗಿಂತ ಒಂಬತ್ತು ಅಡಿ ಪಶ್ಚಿಮಕ್ಕೆ ಬಿದ್ದಿದೆ."

"ನಕ್ಷೆ ತಪ್ಪು," ಎಂದ ಚುಕ್ವಾನಿ.

"ಶುದ್ಧ ತಪ್ಪು," ಎಂದ ಅಗ್ಬೊ.

"ಅಜ್ಜಂದಿರೇ, ಇದು ಎಂಜಿನಿಯರುಗಳು ಬರೆದ ನಕ್ಷೆ."

"ಅವರು ಬರೆದಿದ್ದು ಎಲ್ಲಿ ಕೂತ್ಕೊಂಡು? ಮೇಜಿನ ಮುಂದೆ," ಎಂದ ಅಗ್ಬೊ. "ಇವನು ಕಡಿದಿದ್ದು ಎಲ್ಲಿ? ಅಲ್ಲೇ. ನೀನು ಇಳಿದಿದ್ಯಾ ಒಂದು ದಿನ?"

ಸರ್ವೆಯವನು ಇಳಿದಿರಲಿಲ್ಲ. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮುದುಕರಿಬ್ಬರೂ ಅವನನ್ನು ಎರಡೂ ಕಡೆಯಿಂದ ಹಿಡಿದು, ಫೆಸ್ಟಸನ ಮನೆಯ ಕಡೆಗೆ ಕರೆದುಕೊಂಡು ಹೋದರು, ಸರಿಯಾದ ದಾರಿ ತೋರಿಸಲೆಂದು. ಫೆಸ್ಟಸನ ಹೆಂಡತಿ ಅವರು ಬರುವುದನ್ನು ದೂರದಿಂದಲೇ ಕಂಡು ಬಾಗಿಲು ಹಾಕಿಕೊಂಡಳು.